ನಾರ್ಬಿಯ ಒಂದು ಓಟು

"ಮತ್ತೆ ಒಂದು ಬಿದ್ದಿದೆ ಕಣೋ," ಎಂದು ಜೀನ್ ಬಾಕೆ ಶವಪೆಟ್ಟಿಗೆಯ ಆಚೆ ಬದಿಯಿಂದ ಪಿಸುಗುಟ್ಟಿದ. ಮೆರ್ಲ್ ಟ್ವೇಟ್ ಆಗ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದ. ಕಾಲು ಜಾರಿತು, ಪೆಟ್ಟಿಗೆ ಒಂದು ಕಡೆ ವಾಲಿತು. ಹಿಂದೆ ಹಿಡಿದಿದ್ದವರು "ಏಯ್, ಹುಷಾರು, ಹುಷಾರು" ಎಂದು ಹಿಡಿಕೆಗಳನ್ನು ಬಿಗಿ ಮಾಡಿದರು.

"ಏನು ಬಿದ್ದಿದೆ?"

"ಓಟು. ಆ ಕಡೆಗೆ. ನಿನ್ನೆ ಎಣಿಸಿ ನಾನೇ ಬಾಗಿಲಿಗೆ ಅಂಟಿಸಿ ಬಂದೆ. ಎಂಬತ್ತೊಂದು ನಮ್ಮದು, ಒಂದು ಅವರದು."

"ಸುಮ್ನೆ ಹಿಡ್ಕೊಂಡು ನಡಿ ಮಾರಾಯ. ಇದಾ ಆ ಮಾತಾಡೋ ಹೊತ್ತು?"

"ಅಲ್ಲ, ಟೀಚರ್ ಇಲ್ಲೇ ಇದಾರಲ್ಲೋ." ಜೀನ್ ಗದ್ದದಿಂದ ಪೆಟ್ಟಿಗೆಯನ್ನು ತೋರಿಸಿದ. "ಹಾಗಾದ್ರೆ ಹಾಕಿದ್ದು ಯಾರು?"

ಪೆಟ್ಟಿಗೆಯೊಳಗೆ ಇದ್ದವಳು ಮ್ಯಾಕ್ಸಿನ್ ಟ್ವೇಟ್. ಮೆರ್ಲನ ಅಕ್ಕ. ಮದುವೆಯಾಗಲಿಲ್ಲ, ಊರ ಶಾಲೆ ಮುಚ್ಚುವವರೆಗೂ ಅದರಲ್ಲಿ ಪಾಠ ಹೇಳಿದಳು. ಪೆಟ್ಟಿಗೆ ಹಿಡಿದಿದ್ದ ಆರು ಜನರಲ್ಲಿ ತಮ್ಮನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅವಳ ಕೈಯಲ್ಲಿ ಮಗ್ಗಿ ಕಲಿತವರೇ. ಮತದಾನಕ್ಕೆ ಕೆಲವೇ ದಿನ ಮುಂಚೆ, ಆ ವರ್ಷದ ಮೊದಲ ಹಿಮ ಬಿದ್ದ ಬೆಳಗ್ಗೆ ಸತ್ತಳು. ಎಂಟು ವರ್ಷದಿಂದ ಪ್ರತಿ ಚುನಾವಣೆಯಲ್ಲೂ ಬೀಳುತ್ತಿದ್ದ ಆ ಒಂಟಿ ಓಟನ್ನು ಊರು ಅವಳ ತಲೆಗೆ ಕಟ್ಟಿತ್ತು.

ಮೆರ್ಲನ ಹೆಂಡತಿ ಲೋರ್ನಾ ಎರಡು ಮೆಟ್ಟಿಲು ಹಿಂದಿದ್ದಳು. ಜೀನ್ ಆಡಿದ್ದು ಪೂರ್ತಿ ಕೇಳಿಸಿತು. ಈ ಮಾತನ್ನು ಯಾರಾದರೂ ಎತ್ತಲಿ ಎಂದೇ ಅವಳು ಬೆಳಗಿನಿಂದ ಕಾಯುತ್ತಿದ್ದಳು, ಏಕೆಂದರೆ ಆ ಒಂದು ಓಟು ಅವಳದು. ಈ ಸಲದ್ದೂ ಅವಳದೇ, ಹಿಂದಿನ ಸಲದವೂ ಅವಳವೇ. ಈ ಸಲವಂತೂ ಬೇಕೆಂದೇ ಹಾಕಿದ್ದಳು. ಮ್ಯಾಕ್ಸಿನ್ ಸತ್ತ ಮೇಲೂ ಒಂದು ಬಿದ್ದರೆ, ಅದು ಮ್ಯಾಕ್ಸಿನಳದಲ್ಲ ಎಂದು ಊರಿಗೆ ತಾನಾಗಿಯೇ ತಿಳಿಯುತ್ತದೆ, ತಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ, ಊರು ಅವಳ ಗುಂಡಿಯ ಮುಂದೆ ನಿಂತು ನಾಚಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದ್ದಳು. ನಾರ್ಬಿಯವರು ನಾಚಿಕೊಳ್ಳುತ್ತಾರಂತೆ! ಅಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದರೂ ಆ ಹೆಂಗಸಿಗೆ ಊರು ಅರ್ಥವಾಗಿರಲಿಲ್ಲ.

*

ದಕೋಟಾದ ಬಯಲಿನಲ್ಲಿ ನಮ್ಮ ನಾರ್ಬಿ ಪುಟ್ಟ ಊರು. ಮತದಾನ ಮುಗಿದ ಮೇಲೆ ಎಣಿಕೆಯ ಚೀಟಿಯನ್ನು ಟೌನ್ ಹಾಲ್ ಬಾಗಿಲಿಗೆ ಅಂಟಿಸುವುದು ಪದ್ಧತಿ. ಬೆಳಗ್ಗೆ ಎದ್ದು ಅದನ್ನು ನೋಡಿ ಧಾನ್ಯದ ಸೊಸೈಟಿಯಲ್ಲಿ ಕಾಫಿ ಕುಡಿಯುವುದು ಇನ್ನೊಂದು ಪದ್ಧತಿ. ಊರೆಲ್ಲ ಒಂದೇ ಕಡೆ ಹಾಕುವಾಗ ಯಾರು ಯಾರಿಗೆ ಹಾಕಿದರು ಎಂಬ ಗುಟ್ಟಾದರೂ ಎಲ್ಲಿಂದ ಬರಬೇಕು? ಈಗ ಎಲ್ಲರೂ ರಿಪಬ್ಲಿಕನ್. ನಮ್ಮ ಅಪ್ಪಂದಿರ ಕಾಲದಲ್ಲಿ, ರೈತ ಸಂಘ ಜೋರಾಗಿದ್ದಾಗ, ಇದೇ ಊರು ಇಷ್ಟೇ ಒಗ್ಗಟ್ಟಿನಿಂದ ಡೆಮಾಕ್ರಟಿಕ್ ಆಗಿತ್ತು. ಆಗ ಆಚೆ ಕಡೆಗೆ ಹಾಕಿದನೆಂದು ಗೊತ್ತಾದ ಕುದುರೆ ಲಾಳದವನ ಅಂಗಡಿಗೆ ಒಬ್ಬನೂ ಹೋಗಲಿಲ್ಲ, ಅವನು ವರ್ಷದೊಳಗೆ ಗಂಟುಮೂಟೆ ಕಟ್ಟಿದ. ಅವನನ್ನು ಓಡಿಸಿದವರ ಮಕ್ಕಳೇ ಈಗ ಅದೇ ಆಚೆ ಕಡೆಯ ಬಾವುಟ ನೆಟ್ಟುಕೊಂಡು ಕೂತಿರುವುದು.

ಎಂಟು ವರ್ಷದ ಹಿಂದೆ ಮೊದಲ ಸಲ ಚೀಟಿಯಲ್ಲಿ ಆ ಒಂದು ಕಾಣಿಸಿದಾಗ ಸೊಸೈಟಿಯಲ್ಲಿ ದೊಡ್ಡ ತಮಾಷೆ. ಸೊಸೈಟಿ ನಡೆಸುವ ಡುವೇನ್ ಪ್ರತಿಯೊಬ್ಬರನ್ನೂ ಬಾಗಿಲಲ್ಲೇ ಅಡ್ಡ ಹಾಕಿ, "ನೀನೇನಾ ಅದು? ನಿಜ ಹೇಳು," ಎನ್ನುತ್ತಿದ್ದ. ಜೀನ್ ಚುನಾವಣೆ ಅಧಿಕಾರಿ, ಅವನೂ ಹಲ್ಲು ಕಿರಿದುಕೊಂಡು ಪಕ್ಕದಲ್ಲಿರುತ್ತಿದ್ದ. ಎಲ್ಲರೂ ಆಣೆ ಹಾಕಿದರು. ಲೋರ್ನಾ "ನಾನಾ? ಛೀ!" ಎಂದು ನಕ್ಕು ಒಳಗೆ ಹೋದಳು.

ಮ್ಯಾಕ್ಸಿನ್ ಮಾತ್ರ ನಗಲಿಲ್ಲ. ಕೋಳಿಯ ಮೇವಿನ ಚೀಲ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದಳು.

"ಅದು ಕೇಳೋ ಪ್ರಶ್ನೆ ಅಲ್ಲ ಡುವೇನ್. ಐದನೇ ಕ್ಲಾಸಲ್ಲಿ ಬೆಡ್‌ಶೀಟು ಕಟ್ಟಿ ಓಟು ಹಾಕಿಸಿ ಕಲಿಸಿದ್ದೆ. ಮಡಚಿ ಹಾಕಬೇಕು, ಬಾಯಿ ಮುಚ್ಕೊಂಡು ಹೋಗಬೇಕು. ನೀನು ಆವತ್ತೂ ಪಕ್ಕದವಳ ಚೀಟಿ ಇಣುಕಿದ್ದೆ."

ಅಲ್ಲಿಗೆ ಮುಗಿಯಿತು. ಉತ್ತರ ಕೊಡದವಳು ಅವಳೊಬ್ಬಳೇ, ಹಾಗಾದರೆ ಅವಳೇ. ಮಧ್ಯಾಹ್ನದ ಹೊತ್ತಿಗೆ ಮೆರ್ಲನಿಗೆ ಸುದ್ದಿ ಮುಟ್ಟಿತು. ಅವನು ಅಕ್ಕನನ್ನು ಕೇಳಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋಯಿತೆಂದು ಎರಡು ದಿನ ಊಟ ಬಿಟ್ಟ. ಆ ಚಳಿಗಾಲದಲ್ಲಿ ಹಿಮ ತಳ್ಳಲು ಟ್ರಾಕ್ಟರ್ ಹೊರಡಿಸಿದವನು ರಸ್ತೆಯುದ್ದಕ್ಕೂ ತಳ್ಳಿಕೊಂಡು ಹೋಗಿ ಅಕ್ಕನ ಟಪಾಲು ಡಬ್ಬಿಯ ಹತ್ತಿರ ಗಾಡಿ ತಿರುಗಿಸಿಕೊಂಡ. ಅದುವರೆಗೆ ಪ್ರತಿ ವರ್ಷ ತಳ್ಳಿಕೊಡುತ್ತಿದ್ದ ಅವಳ ಅಂಗಳಕ್ಕೆ ಕಾಲಿಡಲಿಲ್ಲ. ತಳ್ಳಿದ ಹಿಮವೆಲ್ಲ ಅವಳ ಮನೆಯ ದಾರಿಗೆ ಅಡ್ಡವಾಗಿ ಗುಡ್ಡೆ ಬಿತ್ತು. ಟ್ರಾಕ್ಟರಿನಲ್ಲಿ ಪಕ್ಕಕ್ಕೆ ಕೂತಿದ್ದ ಲೋರ್ನಾ ಅದನ್ನು ನೋಡುತ್ತಾ ಕೂತಿದ್ದಳು.

ಆಮೇಲೆ ಪ್ರತಿ ಚಳಿಗಾಲವೂ ಹಾಗೆಯೇ ಆಯಿತು. ಮ್ಯಾಕ್ಸಿನ್ ಸಲಿಕೆ ಹಿಡಿದು ತಾನೇ ದಾರಿ ಮಾಡಿಕೊಳ್ಳುತ್ತಿದ್ದಳು. ಕಳೆದ ವಾರ ಟಪಾಲಿನವನು ಬಂದಾಗ ಆ ಗುಡ್ಡೆಯ ಪಕ್ಕದಲ್ಲೇ ಬಿದ್ದಿದ್ದಳು, ಸಲಿಕೆ ಇನ್ನೂ ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಹೃದಯ ನಿಂತಿತು ಎಂದರು ಡಾಕ್ಟರು. ಎಂಬತ್ತರ ಹತ್ತಿರದವಳು ಯಾಕೆ ಹಿಮ ಎತ್ತುತ್ತಿದ್ದಳು ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

*

ಸ್ಮಶಾನದಲ್ಲಿ ಗಾಳಿ ಮುಖ ಸುಡುತ್ತಿತ್ತು. ಹೊಸ ಪಾಸ್ಟರ್ ಹುಡುಗ ಬೇಗ ಬೇಗ ಓದಿದ. ಮ್ಯಾಕ್ಸಿನ್ ಒಳ್ಳೆಯ ನೆರೆಯವಳಾಗಿದ್ದಳು ಎಂದು ಅವನು ಹೇಳಿದಾಗ ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಪ್ರಾರ್ಥನೆ ಮುಗಿಯುವುದೇ ತಡ, ಡುವೇನ್ ಮೆರ್ಲನ ಪಕ್ಕಕ್ಕೆ ಸರಿದ. ಲೋರ್ನಾ ಗಂಡನ ತೋಳಿನ ಬದಿಯಲ್ಲೇ ಇದ್ದಳು.

"ಜೀನ್ ಹೇಳ್ದ. ತಲೆ ಕೆಡಿಸ್ಕೋಬೇಡ," ಎಂದ ಡುವೇನ್. "ಅಂಚೆಯಲ್ಲಿ ಕಳಿಸಿರ್ತಾರೆ ಟೀಚರು. ಸಾಯೋಕೆ ಮುಂಚೇನೇ."

"ಅಂಚೆಯಲ್ಲಾ?"

"ಮತ್ತಿನ್ನೇನು? ಆ ಕಡೆಯವರು ಸತ್ತ ಮೇಲೂ ಓಟು ಹಾಕ್ತಾರೆ ಅಂತ ಟೀವಿಯವರು ಬಾಯಿ ಬಡ್ಕೊಂಡಾಗ ನಾನು ನಂಬಿರ್ಲಿಲ್ಲ. ಇಗೋ, ನಮ್ಮೂರಲ್ಲೇ ಒಬ್ಬರು ಸಿಕ್ಕಿಬಿದ್ರು!"

ಹತ್ತಿರದಲ್ಲಿದ್ದ ಇಬ್ಬರು ಕೆಮ್ಮಿದ ಹಾಗೆ ನಕ್ಕರು. ಗುಂಡಿ ಇನ್ನೂ ಮುಚ್ಚಿರಲಿಲ್ಲ.

ಲೋರ್ನಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಮೆಟ್ಟಿಲಿನ ಮೇಲೆ ಜೀನ್ ಆ ಮಾತು ಆಡಿದಾಗಿನಿಂದ ಆ ಮುಖ ಬಿಳಿಚಿಕೊಂಡಿತ್ತು. ಅವನೇನು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಓಟು ಅಕ್ಕನದಲ್ಲದಿದ್ದರೆ ಆ ಟ್ರಾಕ್ಟರು, ಆ ಗುಡ್ಡೆ, ಆ ಸಲಿಕೆ ಎಲ್ಲಕ್ಕೂ ಅರ್ಥ ಏನು? ಈಗ ಡುವೇನ್ ಅಂಚೆ ಎಂದ ಕೂಡಲೇ ಮುಖಕ್ಕೆ ರಕ್ತ ವಾಪಸು ಬಂತು.

"ಹೌದು," ಎಂದ ಮೆರ್ಲ್. "ಅವಳು ಹಾಗೇನೇ. ಸಾಯೋವಾಗ್ಲೂ ನನ್ನ ಮುಖಕ್ಕೆ ಮಸಿ ಬಳೀಲೇಬೇಕಿತ್ತು."

ಸತ್ತವಳಿಗೆ ನ್ಯಾಯ ಸಿಗಲಿ ಎಂದು ಲೋರ್ನಾ ಹಾಕಿದ ಓಟು ಅವಳ ಮೇಲೆ ಇನ್ನೊಂದು ಹಿಡಿ ಮಣ್ಣು ಎಸೆದಿತ್ತು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಆದರೆ ನಾಳೆ ಬೆಳಗ್ಗೆ, ನಾಡಿದ್ದು ಬೆಳಗ್ಗೆ, ಈ ಗಂಡನ ಎದುರಿಗೆ ಕೂತು ಕಾಫಿ ಕುಡಿಯಬೇಕಾದವಳು ತಾನೇ. ಈ ವಯಸ್ಸಿನಲ್ಲಿ ಬೇರೆ ಮನೆ ಎಲ್ಲಿದೆ? ಗಾಳಿ ಬಾಯೊಳಗೆ ನುಗ್ಗಿತು, ಅವಳು ಸ್ಕಾರ್ಫ್ ಎಳೆದುಕೊಂಡಳು.

*

ಆ ಮೊದಲ ಚಳಿಗಾಲದಲ್ಲೇ ಲೋರ್ನಾ ಹಿತ್ತಲ ಬಾಗಿಲಿನಿಂದ ಮ್ಯಾಕ್ಸಿನಳ ಅಡುಗೆಮನೆಗೆ ಹೋಗಿದ್ದಳು. ಕಾರನ್ನು ಯಾರಿಗೂ ಕಾಣದಂತೆ ಚರ್ಚಿನ ಹಿಂದೆ ನಿಲ್ಲಿಸಿದ್ದಳು. ಮ್ಯಾಕ್ಸಿನ್ ಸೇಬು ಹೆಚ್ಚುತ್ತಿದ್ದಳು.

"ಅದು ನಾನು ಮ್ಯಾಕ್ಸಿನ್."

"ಗೊತ್ತು. ಕೂತ್ಕೋ."

"ಹೇಗೆ ಗೊತ್ತು?"

"ಡುವೇನ್ ಕೇಳಿದಾಗ ಛೀ ಅಂದ್ಯಂತೆ. ಇಷ್ಟು ವರ್ಷದಲ್ಲಿ ನಿನ್ನ ಬಾಯಲ್ಲಿ ಛೀ ಅನ್ನೋದನ್ನ ನಾನು ಕೇಳಿಲ್ಲ. ಮೆರ್ಲನ್ನ ಮದುವೆ ಆದಾಗ್ಲೂ ನೀನು ಛೀ ಅನ್ನಲಿಲ್ಲ." ಮ್ಯಾಕ್ಸಿನ್ ಕಿಸಕ್ಕನೆ ನಕ್ಕಳು. "ಅದಿರ್ಲಿ, ಯಾಕೆ ಹಾಕಿದೆ? ಅಷ್ಟೊಂದು ಪ್ರೀತಿನಾ ಆ ಪಕ್ಷದ ಮೇಲೆ?"

"ಪಕ್ಷನೂ ಇಲ್ಲ ಏನೂ ಇಲ್ಲ. ಯಾವ ಬೀಜ ಬಿತ್ತಬೇಕು, ಯಾವ ಚಾನೆಲ್ ನೋಡಬೇಕು, ರಾತ್ರಿಗೆ ಏನು ಬೇಯಿಸಬೇಕು, ಎಲ್ಲಾ ಅವನದೇ. ಆ ಪರದೆ ಒಳಗೆ ಪೆನ್ನು ನನ್ನ ಕೈಲಿತ್ತು. ಅವನು ಹೇಳಿದ್ದನ್ನ ಬಿಟ್ಟು ಒಂದು ಮಾಡಬೇಕು ಅನ್ನಿಸ್ತು. ಅಷ್ಟೇ."

"ನಾನು ಯಾರಿಗೆ ಹಾಕಿದೆ ಗೊತ್ತಾ?" ಮ್ಯಾಕ್ಸಿನ್ ಚಾಕು ಕೆಳಗಿಟ್ಟಳು. "ಮೆರ್ಲ್ ಹಾಕಿದವನಿಗೇ. ನಮ್ಮಪ್ಪ ಸತ್ತಾಗಿಂದ ನಾನು ಆ ಪಕ್ಷ ಬಿಟ್ಟು ಬೇರೆಯದಕ್ಕೆ ಹಾಕಿಲ್ಲ."

"ಅಯ್ಯೋ! ಅಷ್ಟು ಹೇಳಿಬಿಡು ಮತ್ತೆ! ಮುಗೀತಲ್ಲ!"

"ಯಾಕೆ ಹೇಳಲಿ? ಮೂಗು ಸುರಿಸ್ಕೊಂಡು ಬಂದು ನನ್ನ ಹತ್ರ ಅಕ್ಷರ ಕಲಿತವರು ನನ್ನನ್ನ ಬಾಗಿಲಲ್ಲಿ ನಿಲ್ಲಿಸಿ ಕೇಳ್ತಾರೆ, ನಾನು ಕೈಕಟ್ಟಿ ಉತ್ತರ ಕೊಡಬೇಕಾ? ನಾನು ಎತ್ತಿ ಆಡಿಸಿದ ತಮ್ಮ ಕೇಳೋ ಗೋಜಿಗೂ ಹೋಗದೆ ಗಾಡಿ ತಿರುಗಿಸ್ದ. ಹಾಳಾಗಿ ಹೋಗ್ಲಿ."

"ನಾನೇ ಹೇಳ್ತೀನಿ ಹಾಗಾದ್ರೆ."

"ಹೇಳಿ ಎಲ್ಲಿಗೆ ಹೋಗ್ತೀಯ? ನನಗೆ ಊಟಕ್ಕೆ ಎದುರು ಕೂರೋಕೆ ಯಾರೂ ಇಲ್ಲ. ನಿನಗೆ ಅವನಿದಾನೆ. ಬೇಡ."

"ಇನ್ಮೇಲೆ ಹಾಕಲ್ಲ ಬಿಡು."

"ಹಾಕು," ಎಂದಳು ಮ್ಯಾಕ್ಸಿನ್. "ನೀನು ನಿಲ್ಲಿಸಿದ್ರೆ ನಾನು ಹೆದರಿಬಿಟ್ಟೆ ಅಂತಾರೆ ಅವರು."

ಇಬ್ಬರೂ ಆ ದಿನ ನಕ್ಕಿದ್ದರು. ನಗು ಬಹಳ ಕಾಲ ಉಳಿಯಲಿಲ್ಲ. ಮೊದಮೊದಲು ಚರ್ಚಿನಲ್ಲಿ ಮ್ಯಾಕ್ಸಿನಳ ಬೆಂಚಿನಲ್ಲಿ ಜನ ಕೂರುವುದು ಬಿಟ್ಟರು, ಆಮೇಲೆ ಅಡುಗೆಗೆ ಕರೆಯುವುದು ಬಿಟ್ಟರು. ಕಳೆದ ವರ್ಷ ಜ್ವರವೆಂದು ತಿಳಿದು ಲೋರ್ನಾ ಸೂಪು ತೆಗೆದುಕೊಂಡು ಹೋದಾಗ ಮ್ಯಾಕ್ಸಿನ್ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ತಲೆ ಬಾಚಿರಲಿಲ್ಲ.

"ಬೇಡ ಅಂದಿದ್ದು ನಾನೇ, ನಿಜ," ಎಂದಳು. "ಆದ್ರೂ ನೀನು ಹೇಳ್ತೀಯ ಅಂದ್ಕೊಂಡಿದ್ದೆ ಲೋರ್ನಾ. ಪ್ರತಿ ವರ್ಷ ಅಂದ್ಕೋತಿದ್ದೆ."

ಸೂಪಿನ ಪಾತ್ರೆಯನ್ನು ಲೋರ್ನಾ ಹೊಸ್ತಿಲ ಮೇಲಿಟ್ಟು ಬಂದಳು.

*

ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಹ್ಯಾಮ್ ತುಂಬಿದ ಬನ್ನು, ಆಲೂಗಡ್ಡೆ ಸಲಾಡು, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ, ದೊಡ್ಡ ಪಾತ್ರೆಯಲ್ಲಿ ಕಾಫಿ. ಬದುಕಿದ್ದಾಗ ಒಂದು ಬಟ್ಟಲು ಕಾಫಿಗೂ ಕರೆಯದಿದ್ದವರು ಸತ್ತಾಗ ಊರಿಗೆಲ್ಲ ಆಗುವಷ್ಟು ಬೇಯಿಸಿದ್ದರು. ಅಡುಗೆಮನೆಯ ಯಜಮಾನಿಕೆ ಜೀನನ ಹೆಂಡತಿ ಆರ್ಡಿಸಳದು. ಅವಳು ಲೋರ್ನಾಳ ಭುಜ ತಟ್ಟಿ, "ತಿನ್ನೇ, ಏನೂ ತಿಂದಿಲ್ಲ ನೀನು. ಏನೇ ಇರ್ಲಿ, ಮ್ಯಾಕ್ಸಿನ್ ಒಳ್ಳೆಯವಳೇ. ಆ ಒಂದು ವಿಷಯ ಬಿಟ್ರೆ," ಎಂದು ಹೋದಳು.

ಆ ಒಂದು ವಿಷಯ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು. ಕಡೆಗೆ ಮೆರ್ಲ್ ಕೂತಿದ್ದ ಮೇಜಿಗೆ ಬಂತು.

"ಒಂದು ಮಾತು ಹೇಳ್ಲಾ?" ಎಂದ ಜೀನ್, ಬನ್ನು ಅಗಿಯುತ್ತಾ. "ಅಂಚೆ ಓಟು ಈ ಸಲ ನಮಗೆ ಒಂದೂ ಬಂದಿಲ್ಲ. ಟೀಚರು ಅಂಚೆ ಚೀಟಿ ಬೇಕು ಅಂತ ಕೇಳಿಯೂ ಇರ್ಲಿಲ್ಲ."

"ನಿನಗೇನೋ ಗೊತ್ತು?" ಮೆರ್ಲ್ ಗದರಿದ. "ನೇರ ಕೌಂಟಿ ಕಚೇರಿಗೆ ಹೋಗಿರುತ್ತೆ."

"ಹೋದ್ರೂ ನಮ್ಮ ಹತ್ರಾನೇ ಬರಬೇಕಲ್ಲೋ..."

"ಅವಳದೇ ಅದು! ನಾನು ಹೇಳ್ತಿದೀನಿ, ಅವಳದೇ!" ಸುತ್ತಲಿನ ಮಾತು ನಿಂತಿತು. ಮೆರ್ಲ್ ದನಿ ತಗ್ಗಿಸಿದ, ಆದರೆ ಬಿಡಲಿಲ್ಲ. "ನಾಳೆನೇ ಕೌಂಟಿಗೆ ಹೋಗಿ ದೂರು ಕೊಡ್ತೀನಿ. ಸತ್ತವಳ ಓಟು ಅಂತ ಹೊಡೆದುಹಾಕಿಸ್ತೀನಿ. ಪೇಪರಲ್ಲೂ ಬರ್ಲಿ. ನನ್ನ ಸ್ವಂತ ಅಕ್ಕ ಆದ್ರೂ ನಾನು ಬಿಡಲ್ಲ ಅಂತ ಗೊತ್ತಾಗ್ಲಿ ಎಲ್ರಿಗೂ."

"ಅದು ಗಂಡಸಿನ ಮಾತು," ಎಂದ ಡುವೇನ್. "ನಾನು ಸಾಕ್ಷಿ ಹಾಕ್ತೀನಿ."

"ಇವತ್ತು ಬೇಡ ಮೆರ್ಲ್," ಎಂದ ಪಾಸ್ಟರ್. "ಮಣ್ಣು ಮಾಡಿ ಇನ್ನೂ ಒಂದು ಗಂಟೆ ಆಗಿಲ್ಲ."

"ನಿಮಗೆ ಗೊತ್ತಾಗಲ್ಲ ಪಾಸ್ಟರ್. ನೀವು ಊರಿಗೆ ಹೊಸಬರು. ಎಂಟು ವರ್ಷ ತಲೆ ಎತ್ಕೊಂಡು ಓಡಾಡಕ್ಕೆ ಬಿಡಲಿಲ್ಲ ಅವಳು ನನ್ನನ್ನ."

ಲೋರ್ನಾ ಎದ್ದು ನಿಂತಳು. ಏಳಬೇಕೆಂದು ಅವಳೇನೂ ನಿರ್ಧಾರ ಮಾಡಿರಲಿಲ್ಲ, ಕೂರಲು ಆಗಲಿಲ್ಲ ಅಷ್ಟೇ. ಪೇಪರಿನಲ್ಲಿ ಕಳ್ಳ ಓಟಿನವಳು ಎಂದು ಮ್ಯಾಕ್ಸಿನಳ ಹೆಸರು ಅಚ್ಚಾಗುವುದು ಅವಳ ಕಣ್ಣಿಗೆ ಕಟ್ಟಿತು.

"ದೂರು ಕೊಡಬೇಡ ಮೆರ್ಲ್. ಅದು ನನ್ನದು."

"ಏನು ನಿನ್ನದು?"

"ಓಟು. ಈ ಸಲದ್ದೂ, ಎಲ್ಲಾ ಸಲದ್ದೂ."

ಯಾರದೋ ಚಮಚ ತಟ್ಟೆಗೆ ತಾಗಿ ಸದ್ದಾಯಿತು. ಡುವೇನ್ ಗಂಟಲು ಸರಿಮಾಡಿಕೊಂಡು, "ಪಾಪ, ದುಃಖದಲ್ಲಿ ಏನೋ ಅಂತಿದಾಳೆ. ಅತ್ತಿಗೇನ ಉಳಿಸಕ್ಕೆ ನೋಡ್ತಿದಾಳೆ. ಆರ್ಡಿಸ್, ಒಂಚೂರು ನೀರು ಕೊಡಮ್ಮ," ಎಂದ. ಊರಿಗೆಲ್ಲ ಅದು ಒಳ್ಳೆಯ ದಾರಿಯಾಗಿತ್ತು. ಹೌದು ಹೌದು ಎಂದು ನಾಲ್ಕು ತಲೆ ಅಲ್ಲಾಡಿದವು. ಆ ದಾರಿ ಹಿಡಿದಿದ್ದರೆ ಮೆರ್ಲನೂ ಬಚಾವಾಗುತ್ತಿದ್ದ, ಲೋರ್ನಾಳೂ ಆಗುತ್ತಿದ್ದಳು. ಆದರೆ ಅವನು ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿ ಸುಳ್ಳು ಹೇಳುವಾಗಿನ ಮುಖ ಯಾವುದು, ಇದು ಯಾವುದು ಎಂದು ತಿಳಿಯಿತು.

"ಅವಳು ಯಾರಿಗೆ ಹಾಕ್ತಿದ್ಲು?" ಎಂದು ಮೆಲ್ಲಗೆ ಕೇಳಿದ.

"ನೀನು ಹಾಕ್ತಿದ್ದವರಿಗೇ. ಪ್ರತಿ ಸಲ."

"ನಿನಗೆ ಯಾರು ಹೇಳಿದ್ದು?"

"ಅವಳೇ. ನೀನು ಟ್ರಾಕ್ಟರ್ ತಿರುಗಿಸ್ಕೊಂಡ ಮೊದಲನೇ ವರ್ಷ."

ಮೆರ್ಲನ ಕೈಯಲ್ಲಿದ್ದ ಬನ್ನಿನಿಂದ ಹ್ಯಾಮ್ ತುಂಡು ಜಾರಿ ಪ್ಯಾಂಟಿನ ಮೇಲೆ ಬಿತ್ತು. ಅವನು ನೋಡಲಿಲ್ಲ.

"ನೀನು ಪಕ್ಕದಲ್ಲೇ ಕೂತಿರ್ತಿದ್ದೆ," ಎಂದ. "ನಾನು ಗಾಡಿ ತಿರುಗಿಸೋವಾಗೆಲ್ಲ. ಗೊತ್ತಿದ್ದೂ ನನ್ನ ಪಕ್ಕದಲ್ಲೇ ಕೂತು ನೋಡ್ತಿದ್ದೆ."

"ಹೌದು," ಎಂದಳು ಲೋರ್ನಾ.

ಇಬ್ಬರ ಮಧ್ಯೆ ಇನ್ನೇನೂ ಉಳಿದಿರಲಿಲ್ಲ. ಮೆರ್ಲ್ ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಹೊರಗೆ ಅವನ ಪಿಕಪ್ ಶುರುವಾಗಿ, ಬಹಳ ಹೊತ್ತು ನಿಂತಲ್ಲೇ ಗುರುಗುಟ್ಟಿ, ಕೊನೆಗೆ ಹೊರಟುಹೋದ ಸದ್ದು ಕೇಳಿಸಿತು. ಡುವೇನ್ ಜೀನನ ಕಡೆ ನೋಡಿ, "ಆವತ್ತು ನನಗೂ ಛೀ ಅಂತ ಸುಳ್ಳು ಹೇಳಿದ್ಲಲ್ಲೋ ಇವಳು," ಎಂದ. ಅವನಿಗೆ ನೋವಾದದ್ದು ಅಷ್ಟಕ್ಕೇ. ಮ್ಯಾಕ್ಸಿನಳ ಹೆಸರನ್ನು ಯಾರೂ ಎತ್ತಲಿಲ್ಲ. ಅವಳ ವಿಷಯ ಅಲ್ಲಿಗೆ ಮುಗಿದುಹೋಗಿತ್ತು, ಈಗ ಊರಿನ ಕೈಗೆ ಬೇರೊಬ್ಬಳು ಸಿಕ್ಕಿದ್ದಳು.

ಲೋರ್ನಾ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸತ್ತವರ ಮನೆಯವರನ್ನು ಆ ದಿನ ಅಲ್ಲಿ ಕೆಲಸಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಬಂದರೆ ಗದರಿ, ಕೈ ಹಿಡಿದು ಹೊರಗೆ ಕೂರಿಸುತ್ತಾರೆ. ಅವಳು ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುವ ತೊಟ್ಟಿಯ ಬಿಸಿನೀರಿಗೆ ಕೈ ಹಾಕಿದಳು. ಹೋಗಿ ಕೂತ್ಕೋ ಎಂದು ಒಬ್ಬರೂ ಅನ್ನಲಿಲ್ಲ. ಪಕ್ಕದಲ್ಲಿ ಒರೆಸುತ್ತಿದ್ದ ಆರ್ಡಿಸ್ ಬಟ್ಟೆ ಕೆಳಗಿಟ್ಟಳು. ತಾನು ಮನೆಯಿಂದ ತಂದಿದ್ದ, ಲೋರ್ನಾ ಈಗಷ್ಟೇ ತೊಳೆದು ಇಟ್ಟಿದ್ದ ಸಲಾಡಿನ ಪಾತ್ರೆಯನ್ನು ಎತ್ತಿಕೊಂಡು, ಒರೆಸದೆ, ಹಾಗೇ ಕೋಟಿನೊಳಗೆ ಅವುಚಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಮತ್ತೊಬ್ಬಳು. ಲೋರ್ನಾ ಒಂದೊಂದನ್ನೇ ತೊಳೆದು ಇಡುತ್ತಾ ಹೋದಳು, ಹೆಂಗಸರು ತಮ್ಮ ತಮ್ಮ ಪಾತ್ರೆ ಆರಿಸಿಕೊಂಡು ಹೋದರು. ಮೇಲಕ್ಕೆ ಹೋಗುವ ಮೆಟ್ಟಿಲುದ್ದಕ್ಕೂ ನೀರು ತೊಟ್ಟಿಕ್ಕಿತ್ತು.